ಮುಟ್ಟದೆ ಕೂತ ಮೂರು ವಾರ

ಮದುವೆಯಾಗಿ ಇಪ್ಪತ್ತಮೂರನೆಯ ದಿನ ಬೆಳಿಗ್ಗೆ ನನ್ನ ಗಂಡನಿಗೆ ಬಾಯಿ ತೆರೆಯಲು ಆಗಲಿಲ್ಲ.

ಅದು ತೊಂಬತ್ತರ ದಶಕದ ಕೊನೆ. ನಾನು ಶಿರ್ತಾಡಿಯ ಹುಡುಗಿ. ಮೂಡುಬಿದಿರೆಯಲ್ಲಿ ಪಿಯುಸಿ ಸಾಯನ್ಸ್ ಮುಗಿಸಿದ್ದೆ. ಮುಂದೆ ಓದುವ ಆಸೆ ಇತ್ತು, ಆದರೆ ಗುರುವಾಯನಕೆರೆಯ ಒಳ್ಳೆಯ ಮನೆತನದ ಸಂಬಂಧ ಬಂತು. ಹುಡುಗ ಗಲ್ಫಿನಲ್ಲಿ ಏಸಿ ರಿಪೇರಿ ಕೆಲಸದಲ್ಲಿದ್ದವರು. ಎರಡು ತಿಂಗಳ ರಜೆಯಲ್ಲಿ ಬಂದು, ಮದುವೆ ಮುಗಿಸಿ ಹಿಂದಿರುಗಬೇಕಾಗಿತ್ತು. ಇಪ್ಪತ್ತಮೂರು ದಿನಗಳಲ್ಲಿ ನಾವಿಬ್ಬರೂ ಹೆಚ್ಚೇನೂ ಮಾತಾಡಿರಲಿಲ್ಲ. ಹಗಲಿಡೀ ನೆಂಟರು, ಔತಣಗಳು. ಅವರೂ ಮಾತು ಕಡಿಮೆಯ ಮನುಷ್ಯ. ನನಗೋ ಅವರನ್ನು ಏನೆಂದು ಕರೆಯಬೇಕು ಎಂದೇ ಗೊತ್ತಾಗದೆ, ಹತ್ತಿರ ಹೋಗಿ ನಿಂತು ಕೆಮ್ಮುತ್ತಿದ್ದೆ.

ಆ ಬೆಳಿಗ್ಗೆ ನಾನು ಪತ್ತಿರ್ ಮಾಡಿದ್ದೆ, ನಮ್ಮ ಕಡೆಯ ತೆಳು ಅಕ್ಕಿರೊಟ್ಟಿ. ಅವರು ಒಂದು ತುಂಡು ಮುರಿದು ಬಾಯಿಯ ಹತ್ತಿರ ತಂದು ಹಾಗೆಯೇ ಇಳಿಸಿದರು.

“ದವಡೆ ಹಿಡ್ಕೊಂಡ ಹಾಗೆ ಆಗ್ತದೆ” ಎಂದರು.

ನಾವು ಮನೆಯಲ್ಲಿ ಆಡುವುದು ಬ್ಯಾರಿ ಭಾಷೆ. ಇಲ್ಲಿ ಎಲ್ಲವನ್ನೂ ಕನ್ನಡದಲ್ಲಿಯೇ ಬರೆಯುತ್ತಿದ್ದೇನೆ. ನನ್ನ ಅತ್ತೆ, ನಾನು ಮಾಮಿ ಎಂದು ಕರೆಯುತ್ತಿದ್ದವರು, “ಕೆಪ್ಪಟ್ರಾಯ ಇರ್ಬೇಕು” ಎಂದು, ಮಂಗಬಾವಿಗೆ ಮಾಡುವಂತೆ ಕೆನ್ನೆಗೆ ಅರಶಿನ ಅರೆದು ಹಚ್ಚಿದರು. ಸಂಜೆಯ ಹೊತ್ತಿಗೆ ಕುತ್ತಿಗೆಯೂ ಬಿಗಿಯಿತು. ಮರುದಿನ ಬೆಳಿಗ್ಗೆ ಗುರುವಾಯನಕೆರೆ ಪೇಟೆಯ ಡಾಕ್ಟರರ ಬಳಿಗೆ ಕರೆದುಕೊಂಡು ಹೋದೆವು. ವಯಸ್ಸಾದ ಡಾಕ್ಟರು. ನಾಲಗೆ ಒತ್ತಿ ನೋಡುವ ಮರದ ಪಟ್ಟಿಯನ್ನು ಹಲ್ಲಿನ ಸಂದಿಯಿಂದ ತೂರಿಸಿ ಗಂಟಲಿಗೆ ಮುಟ್ಟಿಸಿದರು. ಬೇರೆ ಯಾರಿಗಾದರೂ ಓಕರಿಕೆ ಬರಬೇಕಿತ್ತು. ಇವರ ಹಲ್ಲು ಪಟ್ಟಿಯನ್ನು ಗಪ್ಪನೆ ಕಚ್ಚಿ ಹಿಡಿಯಿತು, ಬಿಡಿಸಲು ಆಗಲಿಲ್ಲ.

ಡಾಕ್ಟರು ಮೆಲ್ಲನೆ ಕೇಳಿದರು, “ಇತ್ತೀಚೆಗೆ ಎಲ್ಲಿಯಾದ್ರೂ ಗಾಯ ಆಗಿತ್ತಾ?”

“ಇಲ್ಲ” ಎಂದರು ಮಾಮಿ.

ನನಗೆ ಮಾತ್ರ ಗೊತ್ತಿತ್ತು. ಹನ್ನೊಂದು ದಿನದ ಹಿಂದೆ ಅವರು ಹಿತ್ತಿಲಲ್ಲಿ ಕೂತು ಮಾಮಿಗೆ ಕೋಳಿಗೂಡು ಮಾಡಿಕೊಡುತ್ತಿದ್ದರು. ಹಳೆಯ ಅಡಿಕೆ ಮರವನ್ನು ಸೀಳಿ ಮಾಡಿದ ಉದ್ದ ಪಟ್ಟಿಗಳು ಗೊಬ್ಬರದ ಗುಂಡಿಯ ಬದಿಯಲ್ಲಿ ಬಿದ್ದಿದ್ದವು. ಅವುಗಳಲ್ಲಿ ಒಂದರ ಸಿಬಿರು ಅಂಗೈಯ ಬುಡಕ್ಕೆ ಹೊಕ್ಕಿತ್ತು. ಅವರು ಯಾರಿಗೂ ಹೇಳದೆ ನನ್ನ ಮುಂದೆ ಕೈ ಚಾಚಿದರು. ನಾನು ತಲೆವಸ್ತ್ರದ ಪಿನ್ನು ತೆಗೆದು, ಉಸಿರು ಬಿಗಿಹಿಡಿದು ಸಿಬಿರನ್ನು ಎಬ್ಬಿಸಿದೆ. “ಪೂರ್ತಿ ಬಂತು” ಎಂದೆ. ಮದುವೆಯಾದ ಮೇಲೆ ಅವರ ಕೈಯನ್ನು ಅಷ್ಟು ಹೊತ್ತು ಹಿಡಿದದ್ದು ಅದೇ ಮೊದಲು. ಅದನ್ನು ನೆನೆದು ನಾನು ಎರಡು ದಿನ ಒಳಗೊಳಗೇ ಖುಷಿಪಟ್ಟಿದ್ದೆ.

“ಕೈಗೆ ಸಿಬಿರು ಹೊಕ್ಕಿತ್ತು” ಎಂದೆ. ಪಿನ್ನಿನ ವಿಷಯ ಹೇಳಲಿಲ್ಲ.

ಡಾಕ್ಟರು ಕನ್ನಡಕ ತೆಗೆದಿಟ್ಟರು. “ಇದು ಧನುರ್ವಾಯು. ಟೆಟನಸ್. ಬಂಟ್ವಾಳದ ಹತ್ತಿರ ಒಂದು ಆಸ್ಪತ್ರೆ ಉಂಟು, ನಾನು ಫೋನ್ ಮಾಡಿ ಹೇಳ್ತೇನೆ. ಈಗಲೇ ಹೊರಡಿ. ಡ್ರೈವರ್‌ಗೆ ನಿಧಾನ ಬಿಡ್ಲಿಕ್ಕೆ ಹೇಳಿ.”

ಅಂಬಾಸಿಡರ್ ಕಾರಿನ ಹಿಂದಿನ ಸೀಟಿನಲ್ಲಿ ಅವರನ್ನು ಮಲಗಿಸಿ, ತಲೆಯನ್ನು ಮಾಮಿ ತೊಡೆಯ ಮೇಲೆ ಇಟ್ಟುಕೊಂಡರು. ಮಡಂತ್ಯಾರು ದಾಟುವವರೆಗೆ ಏನೂ ಆಗಲಿಲ್ಲ. ಪುಂಜಾಲಕಟ್ಟೆಯಲ್ಲಿ ಎದುರಿನಿಂದ ಬಂದ ಬಸ್ಸು ಉದ್ದಕ್ಕೆ ಹಾರ್ನ್ ಹಾಕಿತು. ಅವರ ಬೆನ್ನು ಬಿಲ್ಲಿನಂತೆ ಮೇಲೆದ್ದಿತು. ಮುಖದ ಸ್ನಾಯುಗಳೆಲ್ಲ ಹಿಂದಕ್ಕೆ ಎಳೆದುಕೊಂಡು, ಅವರು ನಗುತ್ತಿರುವಂತೆ ಕಂಡಿತು. ಅದು ನಗುವಲ್ಲ ಎಂದು ಕಣ್ಣುಗಳು ಹೇಳುತ್ತಿದ್ದವು. ಮಾಮಿ ಕಿರುಚಿಕೊಂಡರು. ಆ ಕಿರುಚಾಟಕ್ಕೆ ಇವರ ಬೆನ್ನು ಇನ್ನೂ ಬಿಗಿಯಿತು. ಡ್ರೈವರ್ ತುಳು ಮಾತಾಡುವವರು, ನಡುವಯಸ್ಸಿನವರು. ಕಾರನ್ನು ಬದಿಗೆ ನಿಲ್ಲಿಸಿ, ಸ್ವಲ್ಪ ಹೊತ್ತು ಕಾದು, “ನಾನಿನ್ನು ಹಾರ್ನ್ ಮುಟ್ಟುದಿಲ್ಲ ಅಮ್ಮ, ನೀವು ಹೆದರ್ಬೇಡಿ” ಎಂದರು. ಆ ತಿರುವುಗಳ ರಸ್ತೆಯಲ್ಲಿ ಬಂಟ್ವಾಳದವರೆಗೂ ಅವರು ಹಾರ್ನ್ ಹಾಕಲಿಲ್ಲ. ಪ್ರತಿ ತಿರುವಿನಲ್ಲಿಯೂ ತಲೆ ಹೊರಗೆ ಹಾಕಿ, ಕೈ ಬೀಸುತ್ತಾ ಹೋದರು.

ಆಸ್ಪತ್ರೆಯ ಕೊನೆಯ ಕೋಣೆಯನ್ನು ನಮಗೆ ಕೊಟ್ಟರು. ಕಿಟಕಿಗೆ ಕಂಬಳಿ ಕಟ್ಟಿದರು. ಬಾಗಿಲಿನ ತಿರುಗಣಿಗೆ ಸಿಸ್ಟರ್ ಒಬ್ಬರು ತೆಂಗಿನೆಣ್ಣೆ ಬಿಟ್ಟರು. ಇವರ ಕಿವಿಗೆ ಹತ್ತಿ ಇಟ್ಟರು. ಬೆಳಕು, ಸದ್ದು, ಮುಟ್ಟುವುದು, ಮೂರೂ ಆಗದು. ಯಾವುದರಿಂದಲೂ ಸೆಳೆತ ಬರಬಹುದು. ಒಬ್ಬರು ಮಾತ್ರ ಒಳಗೆ ಇರಬಹುದು.

“ಅಮ್ಮ ಇರ್ತೀರಾ?” ಎಂದು ಸಿಸ್ಟರ್ ಕೇಳಿದರು. ಮಾಮಿ ಆಗಲೇ ಬಾಯಿಗೆ ಸೆರಗು ಒತ್ತಿಕೊಂಡು ಬಿಕ್ಕುತ್ತಿದ್ದರು. ತಾವೇ ತಲೆ ಅಲ್ಲಾಡಿಸಿ ನನ್ನನ್ನು ಮುಂದೆ ತಳ್ಳಿದರು.

“ಬಳೆ ತೆಗೀಬೇಕು” ಎಂದರು ಸಿಸ್ಟರ್, ನನ್ನ ಕೈ ನೋಡಿ.

ಮದುವೆಯ ಚಿನ್ನದ ಬಳೆಗಳು, ಅವುಗಳ ನಡುವೆ ಗಾಜಿನವು. ಹೊಸ ಮದುವಣಗಿತ್ತಿಯ ಬರಿಗೈ ನೋಡಲು ಯಾವ ಅತ್ತೆಗೆ ಇಷ್ಟವಾದೀತು? ನಾನು ಮಾಮಿಯ ಮುಖ ನೋಡಿದೆ. ಅವರು ನನ್ನ ಕೈ ಹಿಡಿದು, ಒಂದೊಂದಾಗಿ ತಾವೇ ತೆಗೆದು ಕರವಸ್ತ್ರದಲ್ಲಿ ಕಟ್ಟಿಕೊಂಡರು.

ನಾನು ಒಳಗೆ ಹೋಗಿ ಸ್ಟೂಲಿನ ಮೇಲೆ ಕೂತೆ.

ಮೊದಲ ವಾರ ಹೇಗೆ ಕಳೆಯಿತೋ. ನಿದ್ದೆಯ ಔಷಧಿ ಡ್ರಿಪ್ಪಿನಲ್ಲಿ ಹೋಗುತ್ತಿತ್ತು. ಮೂಗಿನ ನಳಿಗೆಯಿಂದ ಗಂಜಿತಿಳಿ. ಆದರೂ ದಿನಕ್ಕೆ ಹತ್ತಾರು ಸಲ ಸೆಳೆತ ಬರುತ್ತಿತ್ತು. ಪಾತ್ರೆ ಬಿದ್ದರೆ, ದೂರದಲ್ಲಿ ಲಾರಿ ಹೋದರೆ, ಒಮ್ಮೊಮ್ಮೆ ಯಾವ ಕಾರಣವೂ ಇಲ್ಲದೆ. ಈ ಕಾಯಿಲೆಯಲ್ಲಿ ಪ್ರಜ್ಞೆ ತಪ್ಪುವುದಿಲ್ಲ. ಎಲ್ಲವೂ ಗೊತ್ತಾಗುತ್ತಿರುತ್ತದೆ. ಸೆಳೆತ ಬಂದಾಗ ಹಣೆಯ ಮೇಲೆ ಕೈ ಇಡಲೂ ನನಗೆ ಅಪ್ಪಣೆ ಇರಲಿಲ್ಲ. ಒಂದು ಮೊಳ ದೂರದಲ್ಲಿ ಕೂತು ನೋಡುವುದಷ್ಟೇ. ಸೀನು ಬಂದರೆ ಶಾಲಿನ ಅಂಚನ್ನು ಬಾಯಿಗೆ ತುರುಕಿಕೊಳ್ಳುತ್ತಿದ್ದೆ.

ಅವರನ್ನು ನೋಡುವ ಡಾಕ್ಟರ್ ಹೆಂಗಸು, ನನಗಿಂತ ಏಳೆಂಟು ವರ್ಷ ದೊಡ್ಡವರಿರಬಹುದು. ಮೂಡುಬಿದಿರೆ ಕಡೆಯವರು. ನಾನು ಅಲ್ಲಿ ಪಿಯುಸಿ ಓದಿದವಳು ಎಂದು ತಿಳಿದ ಮೇಲೆ ಒಮ್ಮೆ ಹೊರಗೆ ವರಾಂಡಕ್ಕೆ ಕರೆದರು.

“ಏನಾಗಿದೆ ಅಂತ ನಿಮಗೆ ಗೊತ್ತಾದ್ರೆ ಹೆದರಿಕೆ ಕಡಿಮೆ ಆಗ್ತದೆ. ಎನ್ಜೈಮ್ ಅಂದ್ರೆ ಗೊತ್ತುಂಟಲ್ಲ?”

“ಕಿಣ್ವ. ಎಂಜಲಿನಲ್ಲಿ ಉಂಟು. ಗಂಜಿಗೆ ಅಯೋಡಿನ್ ಹಾಕಿದ್ರೆ ನೀಲಿ ಆಗ್ತದೆ, ಎಂಜಲು ಬೆರೆಸಿಟ್ರೆ ಆಮೇಲೆ ನೀಲಿ ಬರುದಿಲ್ಲ. ಪ್ರಾಕ್ಟಿಕಲ್‌ನಲ್ಲಿ ಮಾಡಿದ್ದೇವೆ.”

“ಅದೇ. ಗಂಜಿಯನ್ನು ಅದು ಕತ್ತರಿಸ್ತದೆ. ಈ ಬ್ಯಾಕ್ಟೀರಿಯಾ ಗಾಯದಲ್ಲಿಯೇ ಇರ್ತದೆ, ಎಲ್ಲಿಗೂ ಹೋಗುದಿಲ್ಲ. ಆದ್ರೆ ಅದು ಒಂದು ವಿಷ ಬಿಡ್ತದೆ. ಆ ವಿಷವೇ ಒಂದು ಎನ್ಜೈಮ್. ನರ ಹಿಡ್ಕೊಂಡು ಬೆನ್ನುಹುರಿಯವರೆಗೆ ಹೋಗ್ತದೆ. ನಮ್ಮ ಸ್ನಾಯುಗಳಿಗೆ ‘ಸಾಕು, ಸಡಿಲ ಬಿಡು’ ಅಂತ ಹೇಳುವ ನರಗಳು ಉಂಟು. ಆ ಮಾತು ಹೊರಗೆ ಬರ್ಬೇಕಾದ್ರೆ ಒಂದು ಪ್ರೋಟೀನ್ ಬೇಕು. ಈ ವಿಷ ಅದನ್ನೇ ಕತ್ತರಿಸಿ ಹಾಕ್ತದೆ. ಸಾಕು ಅಂತ ಹೇಳುವವರೇ ಇಲ್ಲದಿದ್ರೆ ಸ್ನಾಯು ಬಿಗಿದುಕೊಂಡೇ ಇರ್ತದೆ.”

“ಅದಕ್ಕೆ ಮದ್ದು ಕೊಟ್ಟಿದ್ದೀರಲ್ಲ ಮೇಡಂ?”

“ವಿಷವನ್ನು ಹಿಡಿಯುವ ಪ್ರತಿಕಾಯ ಕೊಟ್ಟಿದ್ದೇವೆ. ಆದ್ರೆ ಅದು ಹೊರಗಡೆ ಉಳಿದದ್ದನ್ನು ಮಾತ್ರ ಹಿಡೀತದೆ. ನರದ ಒಳಗೆ ಹೊಕ್ಕದ್ದನ್ನು ಯಾವ ಮದ್ದೂ ಮುಟ್ಟುದಿಲ್ಲ. ನರ ತಾನಾಗಿಯೇ ಹೊಸತಾಗಿ ಚಿಗುರ್ಬೇಕು. ಅಲ್ಲಿಯವರೆಗೆ ನಾವು ಕಾಯುವ, ಅಷ್ಟೇ.”

ಹೇಳಿ ಹೊರಟವರು ತಿರುಗಿ, ಮಾಮೂಲಿ ವಿಷಯವೆಂಬಂತೆ ಸೇರಿಸಿದರು, “ಗಾಯ ಬಿಡಿಸಿ ತೊಳೆದಾಗ ಒಳಗೆ ಸಿಬಿರಿನ ಒಂದು ಸಣ್ಣ ತುಂಡು ಇತ್ತು. ತೆಗೆದಿದ್ದೇವೆ.”

ಪೂರ್ತಿ ಬಂತು ಎಂದವಳು ನಾನು. ಅಷ್ಟೇ ಅಲ್ಲ, ಆ ಪಿನ್ನಿನಲ್ಲಿಯೇ ಏನೋ ಇದ್ದಿರಬೇಕು ಎಂದೂ ಅನ್ನಿಸಿತು. ಆ ದಿನದಿಂದ ಸ್ಟೂಲಿನ ಮೇಲೆ ಕೂತಾಗಲೆಲ್ಲ ನನ್ನ ಕಣ್ಣು ಅವರ ಕೈಯ ಬ್ಯಾಂಡೇಜಿನ ಮೇಲೆಯೇ ಇರುತ್ತಿತ್ತು.

ಮಾಮಿ ದಿನವೂ ಗುರುವಾಯನಕೆರೆಯಿಂದ ಬಸ್ಸಿನಲ್ಲಿ ನನಗೆ ಊಟ ತರುತ್ತಿದ್ದರು. ಚಪ್ಪಲಿಯನ್ನು ಗೇಟಿನಲ್ಲಿಯೇ ಬಿಟ್ಟು ಬರುತ್ತಿದ್ದರು. ಒಳಗೆ ಬರುತ್ತಿರಲಿಲ್ಲ. ಬಾಗಿಲ ಸಂದಿಯಿಂದ ಮಗನ ಕಾಲನ್ನು ಮಾತ್ರ ನೋಡಿ, ಹೊರಗಿನ ಬೆಂಚಿನಲ್ಲಿ ಜಪಮಣಿ ಹಿಡಿದು ಕೂತುಬಿಡುತ್ತಿದ್ದರು. ನಾನು ಉಣ್ಣುವುದನ್ನು ನೋಡಿ, ಪಾತ್ರೆ ತೆಗೆದುಕೊಂಡು ಹೋಗುತ್ತಿದ್ದರು. ನೆಂಟರಲ್ಲಿ ಕೆಲವರು “ಹುಡುಗಿಯ ಕಾಲ್ಗುಣ” ಎಂದು ಮಾತಾಡಿಕೊಂಡದ್ದು ಹೇಗೋ ನನ್ನ ಕಿವಿಗೂ ಬಿದ್ದಿತ್ತು. ಮಾಮಿಯ ಬಾಯಿಂದ ಅಂಥದ್ದು ಬಂದಿರಲಿಲ್ಲ. ಆದರೆ ಅವರ ಮೌನ ನನ್ನನ್ನು ಹೆದರಿಸುತ್ತಿತ್ತು.

ಹತ್ತನೆಯ ದಿನವೋ ಹನ್ನೊಂದನೆಯ ದಿನವೋ, ಊಟವನ್ನು ಅರ್ಧಕ್ಕೇ ಬಿಟ್ಟೆ. ಕೈ ತೊಳೆದು ಬಂದು ಮಾಮಿಯ ಪಕ್ಕದಲ್ಲಿ ಕೂತು ಎಲ್ಲವನ್ನೂ ಹೇಳಿದೆ. ಪಿನ್ನು, ಉಳಿದ ತುಂಡು, ಪೂರ್ತಿ ಬಂತು ಎಂದು ನಾನು ಹೇಳಿದ್ದು. ಪಿಸುಮಾತಿನಲ್ಲಿಯೇ ಹೇಳಬೇಕಾಗಿತ್ತು, ಗೋಡೆಯ ಆಚೆಗೇ ಇವರು ಮಲಗಿದ್ದರು.

ಮಾಮಿ ಜಪಮಣಿಯನ್ನು ಮಡಿಲಲ್ಲಿ ಇಟ್ಟರು. ಆಮೇಲೆ ಹೇಳಿದರು, “ಗೂಡು ಬೇಕು ಅಂತ ಹಟ ಹಿಡಿದವಳು ನಾನು, ಮೋಲೆ. ‘ಪೇಟೆಯಿಂದ ತಂದುಕೊಡ್ತೇನೆ ಉಮ್ಮ’ ಅಂದ. ನಾನೇ, ‘ಬೇಡ, ನೀನು ನಿನ್ನ ಕೈಯಾರೆ ಮಾಡಿಕೊಡು, ನೀನು ಹೋದ ಮೇಲೆ ನೋಡ್ಲಿಕ್ಕೆ ಆಗ್ತದೆ’ ಅಂದೆ. ಹತ್ತು ದಿನದಿಂದ ಇಲ್ಲಿ ಕೂತು ಸೃಷ್ಟಿಸಿದ ದೇವರ ಹತ್ತಿರ ಅದನ್ನೇ ಹೇಳ್ತಾ ಇದ್ದೇನೆ.”

ಮೋಲೆ ಎಂದರೆ ಮಗಳೇ ಎಂದು. ಅವರು ನನ್ನನ್ನು ಹಾಗೆ ಕರೆದದ್ದು ಅದೇ ಮೊದಲು. ನಾವಿಬ್ಬರೂ ಸದ್ದಾಗದಂತೆ ಅತ್ತೆವು. ಆ ಹೊತ್ತಿಗೆ ಮಾಮಿಗೂ ಸದ್ದಿಲ್ಲದೆ ಅಳುವುದು ಬಂದಿತ್ತು.

ಅದೇ ಸಂಜೆ ಡಾಕ್ಟರಮ್ಮನನ್ನು ನಿಲ್ಲಿಸಿ ಪಿನ್ನಿನ ಬಗ್ಗೆ ಕೇಳಿಯೇಬಿಟ್ಟೆ. ಅವರು ಸಿಟ್ಟಾಗಲಿಲ್ಲ.

“ಈ ಬ್ಯಾಕ್ಟೀರಿಯಾ ಎಲ್ಲ ಹಿತ್ತಿಲ ಮಣ್ಣಿನಲ್ಲಿಯೂ ಉಂಟು. ಗೊಬ್ಬರದ ಹತ್ತಿರ ಜಾಸ್ತಿ. ಸಿಬಿರಿನ ಜೊತೆಯಲ್ಲಿಯೇ ಒಳಗೆ ಹೋಗಿದೆ. ನಿಮ್ಮ ಪಿನ್ನು ಅದನ್ನು ಹೊರಗೆ ತೆಗೀಲಿಕ್ಕೆ ನೋಡಿದೆ, ಅಷ್ಟೇ. ತಪ್ಪಿದ್ದು ಒಂದೇ. ಸೂಜಿಮದ್ದು ಹಾಕಿಸಿರ್ಲಿಲ್ಲ.”

ಎರಡು ವಾರ ದಾಟಿದ ಮೇಲೆ ಸೆಳೆತಗಳ ನಡುವಿನ ಬಿಡುವು ಹೆಚ್ಚಾಗತೊಡಗಿತು. ಒಂದು ಹಗಲು ಪೂರ್ತಿ ಒಂದೂ ಬರಲಿಲ್ಲ. ಇನ್ನೆರಡು ದಿನ ಹಾಗೆಯೇ ಕಳೆಯಿತು. ಸಿಸ್ಟರ್ ಕಂಬಳಿಯ ಒಂದು ಮೂಲೆಯನ್ನು ಮೇಲೆತ್ತಿ ಕಟ್ಟಿದರು. ಅಂಗೈ ಅಗಲದ ಬೆಳಕು ಗೋಡೆಯ ಮೇಲೆ ಬಿತ್ತು. “ಈಗ ಮೆಲ್ಲ ಮಾತಾಡ್ಬಹುದು” ಎಂದು ಹೇಳಿ ಹೊರಗೆ ಹೋದರು.

ಅಷ್ಟು ದಿನ ಹೇಳಬೇಕೆಂದು ಕೂಡಿಸಿಟ್ಟದ್ದು ಎಷ್ಟೋ ಇತ್ತು. ನಾನು ಸ್ಟೂಲನ್ನು ಸದ್ದಾಗದಂತೆ ಎತ್ತಿ ಹತ್ತಿರ ಇಡುವಷ್ಟರಲ್ಲಿ ಅವರೇ, ಬಿಗಿದ ಹಲ್ಲಿನ ಸಂದಿಯಿಂದ, ಅಕ್ಷರ ಅಕ್ಷರ ಬಿಡಿಸಿ ಹೇಳಿದರು:

“ನಿನಗೆ ಸೀನು ಬಂದಾಗ... ಮೂಗು ಕೆಂಪಾಗ್ತದೆ.”

ಇಷ್ಟು ದಿನ ನಾನು ಮಾತ್ರ ಅವರನ್ನು ನೋಡುತ್ತಿದ್ದೇನೆ ಎಂದುಕೊಂಡಿದ್ದೆ.

“ನೀವು ಮಲಗಿದ್ದೀರಿ ಅಂತ ನಾನು ಎಣಿಸಿದ್ದು” ಎಂದೆ.

“ನಿದ್ದೆ ಎಲ್ಲಿ? ಕಣ್ಣು ತೆರೆದ್ರೆ ನೀನು. ಮುಚ್ಚಿದ್ರೆ ಸೆಳೆತ. ಹಾಗಾಗಿ ತೆರೆದೇ ಇರ್ತಿದ್ದೆ.” ಇಷ್ಟು ಹೇಳುವುದಕ್ಕೆ ಅವರಿಗೆ ತುಂಬಾ ಹೊತ್ತು ಬೇಕಾಯಿತು. ನಾನು ಅವಸರ ಮಾಡಲಿಲ್ಲ. ಸಿಬಿರಿನ ವಿಷಯವನ್ನು ಅವರಿಗೂ ಹೇಳಿದೆ. ಅವರು ಬ್ಯಾಂಡೇಜಿಲ್ಲದ ಕೈಯನ್ನು ಹಾಸಿಗೆಯ ಅಂಚಿಗೆ ತಂದು ಅಂಗೈ ಮೇಲೆ ಮಾಡಿ ಇಟ್ಟರು. ನಾನು ಬಾಗಿಲ ಕಡೆ ನೋಡಿದೆ, ಸಿಸ್ಟರ್ ಇರಲಿಲ್ಲ. ಒಂದು ಬೆರಳನ್ನು ಮಾತ್ರ ಅದರ ಮೇಲೆ ಇಟ್ಟೆ. ಸೆಳೆತ ಬರಲಿಲ್ಲ.

ಇನ್ನೂ ಒಂದು ವಾರ ಕಳೆದು ಮನೆಗೆ ಕಳಿಸುವ ದಿನ ಡಾಕ್ಟರಮ್ಮ ಸಿರಿಂಜ್ ಹಿಡಿದು ಬಂದರು.

“ಇದು ಎಂತ ಮೇಡಂ?” ಎಂದರು ಇವರು.

“ಟಿಟಿ. ಬಂದ ದಿನವೇ ಮೊದಲನೆಯದು ಕೊಟ್ಟಿದ್ದೇವೆ. ಇದು ಎರಡನೆಯದು. ಆರು ತಿಂಗಳಿಗೆ ಮೂರನೆಯದು ತಪ್ಪಿಸ್ಬಾರ್ದು.”

“ಕಾಯಿಲೆಯೇ ಬಂದು ಹೋಯ್ತಲ್ಲ. ಇನ್ನೆಂತಕ್ಕೆ? ಸಿಡುಬು ಒಮ್ಮೆ ಬಂದವರಿಗೆ ಮತ್ತೆ ಬರುದಿಲ್ಲವಂತೆ.”

“ಇದು ಬರ್ತದೆ ಮಾರಾಯ್ರೆ. ನಿಮ್ಮನ್ನು ಇಷ್ಟು ದಿನ ಮಲಗಿಸಿದ ವಿಷ ಎಷ್ಟಿತ್ತು ಗೊತ್ತುಂಟಾ? ಕಣ್ಣಿಗೆ ಕಾಣುವಷ್ಟೂ ಅಲ್ಲ. ಜೀವ ತೆಗೀಲಿಕ್ಕೆ ಅಷ್ಟು ಸಾಕು, ಆದ್ರೆ ಗುರುತು ಹಿಡೀಲಿಕ್ಕೆ ಸಾಕಾಗುದಿಲ್ಲ. ನಿಮ್ಮ ಮೈಗೆ ಅದು ಯಾರು ಅಂತಲೇ ಗೊತ್ತಾಗ್ಲಿಲ್ಲ. ಅದೇ ವಿಷವನ್ನು ಫಾರ್ಮಲಿನ್‌ನಲ್ಲಿ ಹಾಕಿ ಅದರ ಕತ್ತರಿಸುವ ಶಕ್ತಿ ತೆಗೆದು ಈ ಸೂಜಿಮದ್ದು ಮಾಡ್ತಾರೆ. ರೂಪ ಹಾಗೆಯೇ ಇರ್ತದೆ, ಕೇಡು ಮಾಡ್ಲಿಕ್ಕೆ ಆಗುದಿಲ್ಲ. ಇದನ್ನು ನೋಡಿಯೇ ಮೈ ಕಲೀಬೇಕು.”

ಫಾರ್ಮಲಿನ್ ಎಂದ ಕೂಡಲೇ ನನಗೆ ಪಿಯುಸಿ ಲ್ಯಾಬಿನ ಗಾಜಿನ ಜಾಡಿಗಳ ವಾಸನೆ ಮೂಗಿಗೆ ಬಂತು. ಡಾಕ್ಟರಮ್ಮ ನನ್ನ ಕಡೆ ತಿರುಗಿ, “ನೀವು ಮುಂದೆ ಓದ್ಬೇಕಿತ್ತು” ಎಂದರು. ಮಾಮಿ ಅದನ್ನು ಕೇಳಿಸಿಕೊಂಡರು. ಅಂದು ಮಾಮಿಯೂ ತೋಳು ಚಾಚಿ ಸೂಜಿ ಹಾಕಿಸಿಕೊಂಡರು, ನಾನೂ ಹಾಕಿಸಿಕೊಂಡೆ.

ರಜೆ ಎಂದೋ ಮುಗಿದಿತ್ತು. ಅಲ್ಲಿನ ಕೆಲಸಕ್ಕೆ ಬೇರೆಯವರು ಬಂದಿದ್ದರು. ಹೊಸ ವೀಸಾ ಆಗುವವರೆಗೆ ಅವರು ಎಂಟು ತಿಂಗಳು ಮನೆಯಲ್ಲಿಯೇ ಉಳಿದರು. ಮೊದಲೆರಡು ತಿಂಗಳು ಕಾಲು ಮರದಂತೆ ಇಡುತ್ತಾ ನಡೆಯುತ್ತಿದ್ದರು. ನಾನು ಅಂಗಳದಲ್ಲಿ ಅವರ ಕೈ ಹಿಡಿದು ನಡೆಸುತ್ತಿದ್ದೆ, ದಾರಿಯಲ್ಲಿ ಹೋಗುವವರು ನೋಡಿದರೂ ಬಿಡುತ್ತಿರಲಿಲ್ಲ. ನಮ್ಮ ಮದುವೆ ಶುರುವಾದದ್ದು ಆಗ ಎಂದೇ ನನಗೆ ಅನ್ನಿಸುತ್ತದೆ. ಮೂರನೆಯ ಸೂಜಿಗೆ ನಾವಿಬ್ಬರೇ ಬಸ್ಸಿನಲ್ಲಿ ಬಂಟ್ವಾಳಕ್ಕೆ ಹೋಗಿ ಬಂದೆವು. ಡಾಕ್ಟರಮ್ಮ ಆಗ ಬೇರೆ ಊರಿಗೆ ಹೋಗಿದ್ದರು. ಮತ್ತೆ ಅವರನ್ನು ನಾನು ನೋಡಲಿಲ್ಲ.

ಇವರು ಗಲ್ಫಿಗೆ ಹೋದ ಮೇಲೆ ಒಂದು ದಿನ ಮಾಮಿಯೇ ಮಾತೆತ್ತಿದರು. “ಕಾಲೇಜಿಗೆ ಹೋಗುದಿದ್ರೆ ಹೋಗು. ಅಡುಗೆ ನಾನು ನೋಡ್ತೇನೆ.” ಹಾಗೆ ನಾನು ಎರಡು ಸಾವಿರದ ಇಸವಿಯ ಆಚೆಗೆ, ನನಗಿಂತ ಚಿಕ್ಕ ಹುಡುಗಿಯರ ಜೊತೆ ಬೆಂಚಿನಲ್ಲಿ ಕೂತೆ. ದಿನವೂ ಗುರುವಾಯನಕೆರೆಯಲ್ಲಿ ಬಸ್ಸು ಹತ್ತಿ, ವೇಣೂರಿನ ದಾರಿಯಾಗಿ ಮೂಡುಬಿದಿರೆಗೆ. ಬಿಎಸ್ಸಿಯ ಕೊನೆಯ ವರ್ಷ, ಲೈಬ್ರರಿಯಲ್ಲಿ ಹೊಸದಾಗಿ ತರಿಸಿದ ದಪ್ಪ ಪುಸ್ತಕವೊಂದನ್ನು ಪುಟ ತಿರುವುತ್ತಿದ್ದಾಗ ಟೆಟನಸ್ ಎಂಬ ಶಬ್ದ ಕಂಡು ಕೈ ನಿಂತಿತು.

ಅದರಲ್ಲಿ ಬರೆದಿತ್ತು: ಸೂಜಿಯಲ್ಲಿ ಕೊಟ್ಟ ಆ ನಿರ್ವಿಷವಾದ ವಿಷವನ್ನು ನಮ್ಮ ಮೈಯ ಕಾವಲಿನ ಜೀವಕೋಶಗಳು ನುಂಗುತ್ತವೆ. ನುಂಗಿದ ಮೇಲೆ ನಮ್ಮದೇ ಒಂದು ಕಿಣ್ವ ಅದಕ್ಕೆ ಮೊದಲ ಕತ್ತರಿ ಹಾಕುತ್ತದೆ, ಆಮೇಲೆ ಇತರ ಕಿಣ್ವಗಳು. ಆ ಚೂರುಗಳನ್ನು ಜೀವಕೋಶ ತನ್ನ ಹೊರಮೈಗೆ ತಂದು ಹಿಡಿಯುತ್ತದೆ. ಅದನ್ನು ಕಂಡ ಬೇರೆ ಜೀವಕೋಶಗಳು ಗುರುತು ಹಿಡಿದು, ಪ್ರತಿಕಾಯ ಮಾಡುವವರಿಗೆ ನೆರವಾಗುತ್ತವೆ. ಆ ಮೊದಲ ಕತ್ತರಿ ಬೀಳುವುದು ತಡವಾದರೆ ಗುರುತು ಹಿಡಿಯುವುದೂ ತಡ. ನಾನು ಆ ಪುಟವನ್ನು ಮೂರು ಸಲ ಓದಿದೆ. ವಿಷವೂ ಕತ್ತರಿಸುತ್ತದೆ, ನಾವೂ ವಿಷವನ್ನು ಕತ್ತರಿಸುತ್ತೇವೆ ಎಂಬುದನ್ನು ಡಾಕ್ಟರಮ್ಮ ಹೇಳಿರಲಿಲ್ಲ. ಅವರಿಗೆ ಆಗ ಗೊತ್ತಿತ್ತೋ ಇಲ್ಲವೋ.

ಇವರು ಶುಕ್ರವಾರ ಮಧ್ಯಾಹ್ನ ನಮಾಝ್ ಮುಗಿಸಿ ಮನೆಗೆ ಫೋನ್ ಮಾಡುತ್ತಿದ್ದರು. ಆ ಶುಕ್ರವಾರ ಕುಶಲ ಕೇಳುವುದಕ್ಕೂ ಬಿಡದೆ ನಾನು ಇದನ್ನೆಲ್ಲ ಒಂದೇ ಉಸಿರಿಗೆ ಹೇಳಿದೆ. ಆ ಕಡೆಯಿಂದ ಸದ್ದೇ ಇಲ್ಲ.

“ಲೈನ್ ಉಂಟಾ?”

“ಉಂಟು, ಉಂಟು. ನೀನು ಹೇಳು.”

“ಹೇಳಿ ಆಯ್ತಲ್ಲ. ಅರ್ಥ ಆಯ್ತಾ?”

“ನಿಲ್ಲು.” ಫೋನಿನಿಂದ ಬಾಯಿ ದೂರ ಮಾಡಿ ಯಾರಿಗೋ ಮಲಯಾಳದಲ್ಲಿ ಹೇಳುವುದು ಕೇಳಿಸಿತು, ಆಮೇಲೆ ಹಿಂದಿಯಲ್ಲಿ. ಒಂದೇ ಕೋಣೆಯಲ್ಲಿ ಅವರು ಆರು ಮಂದಿ ಇದ್ದರು. ಹಿಂದಿನ ವಾರ ಅವರಲ್ಲಿ ಒಬ್ಬರ ಕಾಲಿಗೆ ತಗಡು ತಾಗಿತ್ತಂತೆ. ಸಣ್ಣ ಗಾಯ ಎಂದು ಸುಮ್ಮನಿದ್ದವರನ್ನು ಇವರೇ ಎಳೆದುಕೊಂಡು ಹೋಗಿ ಸೂಜಿ ಹಾಕಿಸಿದ್ದರಂತೆ. ಈಗ ಆ ಮನುಷ್ಯನಿಗೆ ನನ್ನ ಪಾಠ ಹೇಳುತ್ತಿದ್ದರು.

“ಇವರು ಕೇಳ್ತಾ ಇದ್ದಾರೆ” ಎಂದರು ಫೋನಿಗೆ ಮರಳಿ. “ಆ ಕತ್ತರಿಸುವುದು ಓದಿದವರಿಗೆ ಮಾತ್ರ ಉಂಟಾ, ಎಲ್ಲರಿಗೂ ಉಂಟಾ ಅಂತ.”

“ಎಲ್ಲರಿಗೂ ಉಂಟು ಅಂತ ಹೇಳಿ” ಎಂದೆ.

ಅವರು ಹೇಳಿದರು. ಗುರುತಿಲ್ಲದ ಒಬ್ಬ ಮನುಷ್ಯ ಆ ಕಡೆ ಜೋರಾಗಿ ನಗುವುದು ನನಗೆ ಕೇಳಿಸಿತು, ಜೊತೆಗೆ ಇವರೂ ನಕ್ಕರು.